ಆಯಿಯ ದನಿಯಲ್ಲಿ ಕೇಳಿದ ಕುಸುರೆಳ್ಳು

ಸಣ್ಣಾಯಿ, ಮೂರು ವರ್ಷದ ಹಿಂದೆ, ಸಂಕ್ರಾಂತಿಗೆ ಇನ್ನೂ ಎಂಟು ದಿನ ಇರುವಾಗ, ನಿನಗೆ ಫೋನ್ ಮಾಡಿ "ತಪ್ಪಾತು" ಎಂದವಳು ನಿನ್ನ ಅಕ್ಕ ಅಲ್ಲ. ಅದು ನಾನು. ಫೋನು ನಿನ್ನ ಅಕ್ಕನದು, ದನಿಯೂ ನಿನ್ನ ಅಕ್ಕನದೇ — ಗಂಟಲು ಮಾತ್ರ ನನ್ನದು.

ಬರೆದುಬಿಟ್ಟೆ. ಈ ಸಾಲು ಓದಿ ನೀನು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೊಮ್ಮೆ ಓದುತ್ತೀ ಎಂದು ನನಗೆ ಗೊತ್ತು. ಓದು. ಗಾಜಿನದೇನೂ ತಪ್ಪಿಲ್ಲ.

ಬೇರೆಯವರೂ ಇದನ್ನು ಓದಬಹುದು, ಅವರಿಗಾಗಿ ಒಂದೆರಡು ಮಾತು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಧಾರವಾಡದ ನಮ್ಮ ಫ್ಲ್ಯಾಟಿನಲ್ಲಿ ನಮ್ಮ ಜೊತೆಗೇ ಇದ್ದವಳು. ಸಣ್ಣಾಯಿ ಅವಳ ತಂಗಿ ಸುಶೀಲಾ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಮಗ-ಸೊಸೆಯ ಜೊತೆ ಇರುವವಳು. ನಾನು ಇಬ್ಬರಿಗೂ ಮೊಮ್ಮಗ, ವಿನಯ. ಹೆಸರಿಗೆ ಮಾತ್ರ ವಿನಯ. ಕಾಲೇಜಿನ ಪ್ರಿನ್ಸಿಪಾಲರು ಕೆಮ್ಮಿ ಮಾತು ಶುರು ಮಾಡುವ ರೀತಿ, ಸಿಟಿ ಬಸ್ಸಿನ ಕಂಡಕ್ಟರ್ ಮೂಗಿನಿಂದ ಕೂಗುವ ರೀತಿ, ನಮ್ಮಪ್ಪ ಸೀನುವ ಮೊದಲು ದೇವರನ್ನು ಕರೆಯುವ ರೀತಿ — ಎಲ್ಲ ನನ್ನ ಹತ್ತಿರ ಇವೆ. ನನ್ನ ಅಣಕವನ್ನೂ ನಾನೇ ಮಾಡುತ್ತೇನೆ. ಹುಡುಗಿಯರ ಮುಂದೆ ನನ್ನ ದನಿ ಎರಡು ಮೆಟ್ಟಿಲು ಕೆಳಗಿಳಿದು ಗಂಭೀರವಾಗುತ್ತದಲ್ಲ, ಅದನ್ನು ನನಗಿಂತ ಚೆನ್ನಾಗಿ ಮಾಡುವವರಿಲ್ಲ.

ಆದರೆ ಎಲ್ಲಕ್ಕಿಂತ ಉತ್ತಮವಾದದ್ದು ಆಯಿಯ ದನಿ. ಹೆಸರು ಕರೆಯುವ ಮೊದಲು ಒಂದು ಸಣ್ಣ ಉಸಿರು, ಕಟ್ಟಿಸಿದ ಹಲ್ಲಿನ ಒಂದು ಟಕ್, ಆಮೇಲೆ ಮಾತು. ಬಾಗಿಲ ಹಿಂದೆ ನಿಂತು "ಚಹಾ ಆತೇನವಾ?" ಎಂದರೆ ಅಮ್ಮ ಒಲೆ ಹಚ್ಚುತ್ತಿದ್ದಳು. ಇದನ್ನು ಬರೆಯುವಾಗಲೂ ಹೆಮ್ಮೆ ಆಗುತ್ತಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಮೊದಲ ತಪ್ಪು ಅಲ್ಲೇ ಇದೆ — ಹೆಮ್ಮೆ.

ಆ ವರ್ಷ ನನಗೆ ಹಳೆಯ ಅಡುಗೆಯ ಹುಚ್ಚು ಹಿಡಿದಿತ್ತು. ಆಯಿಯ ಟ್ರಂಕಿನಲ್ಲಿ ಅವಳ ತಾಯಿ ಅಡುಗೆಯ ವಿಧಾನ ಬರೆದಿಟ್ಟ ಒಂದು ವಹಿ ಸಿಕ್ಕಿತ್ತು. ಪೆನ್ಸಿಲಿನ ಅಕ್ಷರ, ಅಳತೆಯೆಲ್ಲ ಚಟಾಕು, ಪಾವಶೇರು. ಒಂದು ಕಡೆ "ಕೈಗೆ ತಿಳಿಯುವಷ್ಟು ಉರಿ" ಎಂದಿತ್ತು. ನಮ್ಮ ಇಂಡಕ್ಷನ್ ಒಲೆಯಲ್ಲಿ ಅಂಥ ಗುಂಡಿ ಇಲ್ಲ! ಆದರೂ ಮಾಡಿದೆ. ಮಾದಲಿ ಮಾಡಿದೆ, ಸಜ್ಜಕದ ಹೋಳಿಗೆ ಮಾಡಿದೆ, ಎರಡೂ ಖರೇನೇ ಛಲೋ ಆದವು. ಆಯಿ ತಿಂದು, "ನಮ್ಮವ್ವನ ಕೈಯಾಗಿಂದು ತಿಂದಾಂಗ ಆತು ನೋಡು" ಎಂದಳು. ಅಷ್ಟೇ ಸಾಕಾಯಿತು. ತಂಗಿ ಪಲ್ಲವಿಯ ಮದುವೆಯಾಗಿ ಅವಳ ಮೊದಲ ಸಂಕ್ರಾಂತಿ ಬರುತ್ತಿತ್ತು. ಹೊಸ ಮದುಮಗಳಿಗೆ ಅವತ್ತು ಹಾಕುವ ಕುಸುರೆಳ್ಳಿನ ಒಡವೆ — ಸರ, ತೋಳಬಂದಿ, ಬೈತಲೆಬೊಟ್ಟು — ನಾನೇ ನನ್ನ ಕೈಯಿಂದ ಮಾಡುತ್ತೇನೆ ಎಂದು ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಸಾರಿಬಿಟ್ಟೆ.

ಎಳ್ಳಿನ ಮೇಲೆ ಸಕ್ಕರೆ ಪಾಕವನ್ನು ಹನಿಹನಿಯಾಗಿ ಹಾಕಿ, ಬಿಸಿ ತಾಟಿನಲ್ಲಿ ಬೆರಳಿನಿಂದ ಆಡಿಸುತ್ತ ಆಡಿಸುತ್ತ ಒಂದೊಂದು ಎಳ್ಳಿಗೂ ಬಿಳಿಯ ಮುಳ್ಳು ಬರಿಸಬೇಕು. ಆ ಮುಳ್ಳಿಗೇ ಕುಸುರು ಎನ್ನುವುದು. ವಹಿಯಲ್ಲಿ ಅಷ್ಟೂ ಕೆಲಸಕ್ಕೆ ಒಂದೇ ಸಾಲು: "ಮುಳ್ಳು ಬರುವ ತನಕ ಕೈಯಾಡಿಸುವುದು."

ನಾನು ನಾನ್‌ಸ್ಟಿಕ್ ತವೆಯಲ್ಲಿ ಕೈಯಾಡಿಸಿದೆ. ಇಂಡಕ್ಷನ್ ಒಮ್ಮೆ ಸುಟ್ಟಿತು, ಒಮ್ಮೆ ಟೀಂ ಎಂದು ನಿಂತಿತು. ಮೂರು ದಿನ, ಮೂರು ತವೆ. ಬಂದದ್ದು ಕಂದು ಬಣ್ಣದ ಉಂಡೆ. ಅಪ್ಪ ಒಂದನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಪಲ್ಲವಿಗೆ ಹಾಕಬ್ಯಾಡೋ ಮಾರಾಯಾ, ಆಕಿ ಗಂಡನ ಮನಿಯವರು ಇರಿವಿ ಪುಡಿ ತಗೊಂಡು ಬರ್ತಾರ" ಎಂದರು. ಆಯಿ ನಕ್ಕಳು. ನಗುತ್ತಲೇ ವಹಿಯನ್ನು ಮುಚ್ಚಿಟ್ಟು, "ವಹಿ ನನ್ನ ಕಡೆ ಬಂತು, ಕೈ ಸುಶೀ ಕಡೆ ಹೋತು" ಎಂದು ಎದ್ದುಹೋದಳು.

ಆಗ ಆಯಿಗೂ ನಿನಗೂ ಮಾತು ಬಿಟ್ಟು ನಾಲ್ಕು ವರ್ಷ ಆಗಿತ್ತು, ಸಣ್ಣಾಯಿ. ಕಾರಣವೂ ಕುಸುರೆಳ್ಳೇ. ಕಾಕಾನ ಮಗಳ ಮೊದಲ ಸಂಕ್ರಾಂತಿಗೆ ನೀನು ಹದಿನೈದು ದಿನ ಕೂತು ಒಡವೆ ಮಾಡಿ ತಂದಿದ್ದೆ. ನೀನು ಬರುವುದು ತಡವಾಯಿತೆಂದು ಆಯಿ ಅಂಗಡಿಯ ಒಡವೆ ತರಿಸಿ ಹಾಕಿಸಿಬಿಟ್ಟಿದ್ದಳು. ಅಷ್ಟೇ ಆಗಿದ್ದರೆ ಸರಿಹೋಗುತ್ತಿತ್ತೇನೋ. ಆದರೆ ಬಂದ ಹೆಂಗಸರ ಮುಂದೆ ನಿನ್ನ ಡಬ್ಬಿ ತೆರೆದು ನೋಡಿ, "ಮುಳ್ಳು ಸಣ್ಣವು ಅದಾವ ಬಿಡು" ಎಂದಳು. ನೀನು ಡಬ್ಬಿ ಮುಚ್ಚಿ, ಕುಂಕುಮವನ್ನೂ ಹಚ್ಚಿಸಿಕೊಳ್ಳದೆ ಹೋದೆ.

ನಾನು ಮೊದಲು ನೆಟ್ಟಗೇ ಕೇಳಿದೆ, ನೆನಪಿದೆಯಾ? ಕೇಶ್ವಾಪುರಕ್ಕೆ ಬಂದು, ನೀನು ಕೊಟ್ಟ ಅವಲಕ್ಕಿ ಎರಡು ತಾಟು ತಿಂದು, "ಸಣ್ಣಾಯಿ, ಕುಸುರೆಳ್ಳು ಕಲಿಸು" ಎಂದೆ. ನೀನು ತಲೆ ಎತ್ತದೆ ಹೇಳಿದೆ:

"ನಿಮ್ಮಾಯಿ ಕೇಳ್ಲಿ. ಆಕಿ ಬಾಯಿಲೆ ಕೇಳ್ಲಿ."

ಇದನ್ನು ಆಯಿಗೆ ಬಂದು ಹೇಳಿದೆ. ಅವಳು, "ನಾ ಹಿರ್ಯಾಕಿ. ಸಣ್ಣಾಕಿ ಬರಬೇಕೋ, ನಾ ಹೋಗಬೇಕೋ?" ಎಂದಳು.

ಒಬ್ಬಳಿಗೆ ಬಾಯಿ ಬೇಕು. ಇನ್ನೊಬ್ಬಳು ಬಾಯಿ ತೆರೆಯುವುದಿಲ್ಲ. ನನ್ನ ಹತ್ತಿರ ಆ ಬಾಯಿ ಇತ್ತು.

ಸೋಮವಾರ ಮುಂಜಾನೆ ಆಯಿ ಬಸವಣ್ಣನ ಗುಡಿಗೆ ಹೋಗುವಾಗ ಫೋನನ್ನು ಚಾರ್ಜಿಗೆ ಹಾಕಿ ಹೋಗುತ್ತಿದ್ದಳು. ನಾನು ಬಾಲ್ಕನಿಯ ಬಾಗಿಲು ಹಾಕಿಕೊಂಡು ಅದರಿಂದ ಫೋನ್ ಮಾಡಿದೆ. ಒಂದೆರಡು ನಿಮಿಷದ ಚೇಷ್ಟೆ, ಪಾಕದ ಹದ ಕೇಳಿ ಇಟ್ಟುಬಿಡುವುದು, ಅಷ್ಟೇ ಅಂದುಕೊಂಡಿದ್ದೆ. ನೀನು ಎತ್ತಿದೆ. ನಾನು ಒಂದು ಉಸಿರು ತೆಗೆದುಕೊಂಡು, ಹಲ್ಲು ಟಕ್ ಎನಿಸಿ — "ಸುಶೀ" ಎಂದೆ.

ನೀನು ಅತ್ತುಬಿಟ್ಟೆ.

ಅಲ್ಲೇ ಇಡಬೇಕಾಗಿತ್ತು. ಇಡಲಿಲ್ಲ. ನನ್ನ ಕಿವಿಯಲ್ಲಿ ಆಗ ಏನಿತ್ತು ಗೊತ್ತೇ — ಚಪ್ಪಾಳೆ! ಭಲೇ ಮಾರಾಯಾ, ಅರವತ್ತು ವರ್ಷ ಆ ದನಿ ಕೇಳಿದ ತಂಗಿಯೇ ನಂಬಿದಳು ಎಂಬ ಸೊಕ್ಕು. ಪಾಕದ ಸುದ್ದಿ ಎತ್ತಿದೆ. ನೀನು ಅದಕ್ಕೆ ಉತ್ತರ ಕೊಡದೆ, ಮೂಗು ಒರೆಸಿಕೊಂಡು ಕೇಳಿದೆ:

"ಅಕ್ಕಾ, ಅದು ಇರ್ಲಿ. ಒಂದ ಮಾತು ಖರೇ ಹೇಳು. ಅವತ್ತು ನಾ ಮಾಡಿದ್ದು ಛಲೋ ಆಗಿರಲಿಲ್ಲೇನ?"

ಅಣಕಿಗನಿಗೆ ಯಾರ ದನಿಯಾದರೂ ಸಿಗುತ್ತದೆ. ಆ ದನಿಯ ಹಿಂದಿನ ಮನಸ್ಸು ಸಿಗುವುದಿಲ್ಲ. ಆಯಿ ಏನು ಹೇಳುತ್ತಿದ್ದಳೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಹೇಳಿದೆ — "ನಿನ್ನಂಥಾ ಕೈ ಯಾರಿಗೂ ಇಲ್ಲ, ಸುಶೀ. ತಪ್ಪಾತು."

ನೀನು ಮತ್ತೊಮ್ಮೆ ಮೂಗು ಒರೆಸಿಕೊಂಡೆ. ಆಮೇಲೆ, "ಆತು ಬಿಡು. ಹಿರ್ಯಾಕಿ ಒಮ್ಮೆ ತಪ್ಪಾತು ಅಂದ ಮ್ಯಾಲ ಆ ಮಾತು ಮತ್ತ ಎತ್ತಬಾರದು. ನಾನೂ ಎತ್ತಂಗಿಲ್ಲ, ನೀನೂ ಎತ್ತಬ್ಯಾಡ" ಎಂದೆ. ನಮ್ಮ ಕಡೆಯ ರೀತಿ ಅದು. ನನ್ನನ್ನು ಕಾಪಾಡಿದ್ದೂ ಅದೇ.

ಆಮೇಲೆ ನೀನು ಎಲ್ಲ ಹೇಳಿಕೊಟ್ಟೆ. ಪಾಕ ತೆಳ್ಳಗಿರಬೇಕು, ಒಂದು ಚಮಚ ಹಾಲು ಹಾಕಿ ಮೇಲಿನ ಹೊಲಸು ತೆಗೆಯಬೇಕು. ಗ್ಯಾಸಿನ ಸಣ್ಣ ಉರಿ, ಅದರ ಮೇಲೆ ಕಬ್ಬಿಣದ ಹಂಚು, ಹಂಚಿನ ಮೇಲೆ ಹಿತ್ತಾಳೆಯ ತಾಟು. ಫ್ಯಾನು ಬಂದ್. ಒಂದು ಸಲಕ್ಕೆ ಅರ್ಧ ಚಮಚ ಪಾಕ. ಅದು ಒಣಗದೆ ಇನ್ನೊಂದು ಹನಿ ಇಲ್ಲ. ದಿನಕ್ಕೆ ಒಂದೆರಡು ತಾಸು ಮಾತ್ರ, ಆಮೇಲೆ ತೆಳು ಅರಿವೆ ಮುಚ್ಚಿ ನಾಳೆಗೆ ಬಿಡುವುದು. "ಕೈ ಸುಡಾಕತ್ತಿದ್ರ ಉರಿ ಹೆಚ್ಚಾತು ಅಂತ ತಿಳ್ಕೋ. ಮುಳ್ಳು ಕಾಣಾಕತ್ತಿದ ಮ್ಯಾಲ ತಿಕ್ಕಬ್ಯಾಡ ಅಕ್ಕಾ, ಬರೇ ಉರುಳಸು." ಕೈಗೆ ತಿಳಿಯುವಷ್ಟು ಉರಿ ಎಂದರೆ ಏನೆಂದು ನನಗೆ ಆಗ ತಿಳಿಯಿತು.

ಐದನೆಯ ದಿನ ಮುಳ್ಳು ಬಂದವು. ಸುಳ್ಳು ಹೇಳಿ ಕಲಿತದ್ದು, ಸರಿ. ಮುಳ್ಳು ಮಾತ್ರ ಸುಳ್ಳಾಗಿರಲಿಲ್ಲ. ಮಲ್ಲಿಗೆ ಮೊಗ್ಗಿನಂತೆ ಬಿಳಿ, ಅಂಗೈಗೆ ಚುಚ್ಚುವಷ್ಟು ಚೂಪು. ನನ್ನ ಮೂರು ಬೆರಳಿನ ತುದಿಯ ಚರ್ಮ ಸುಲಿದಿತ್ತು. ಕಪ್ಪು ಸೀರೆಯ ಮೇಲೆ ಪಲ್ಲವಿ ಆ ಎಳ್ಳು ಪೋಣಿಸಿದ ಸರ ಹಾಕಿಕೊಂಡು ಕೂತಾಗ ಅಮ್ಮನ ಗೆಳತಿಯರು ಯಾವ ಅಂಗಡಿಯದು ಎಂದು ಕೇಳಿದರು. "ನಮ್ಮ ವಿನ್ಯಾನ ಅಂಗಡೀದು" ಎಂದರು ಅಪ್ಪ. ನನಗೆ ಬದುಕಿನಲ್ಲಿ ಅಷ್ಟು ಎತ್ತರ ಎಂದೂ ಅನ್ನಿಸಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ನೀನು, ಕೈಯಲ್ಲಿ ಸ್ಟೀಲ್ ಡಬ್ಬಿ. ಆಯಿ ಕೂತಲ್ಲೇ ನಿನ್ನನ್ನು ನೋಡಿದಳು. ಒಂದು ಮಾತು ಸಾಕಿತ್ತು, ಎಲ್ಲ ಹೊರಗೆ ಬರಲು. ಆಯಿ ಎದ್ದು, "ಬಾ ಸುಶೀ, ಹೊರಗ ಯಾಕ ನಿಂತಿ?" ಎಂದಳು. ನೀನು ಒಳಗೆ ಬಂದೆ. ಅಕ್ಕನಿಗೆ ಎಳ್ಳು-ಬೆಲ್ಲ ಕೊಟ್ಟೆ, ಕಾಲು ಮುಟ್ಟಿದೆ. ಫೋನಿನ ಸುದ್ದಿ ಎತ್ತಲಿಲ್ಲ — ಎತ್ತಬಾರದಿತ್ತಲ್ಲ.

ಅವತ್ತು ಆಯಿ ನನ್ನ ಕಿವಿಯಲ್ಲಿ, "ಕಡೀಕೆ ಆಕೀನ ಬಂದ್ಲು ನೋಡು" ಎಂದಳು. ಅಡುಗೆಮನೆಯಲ್ಲಿ ನೀನು ನನ್ನ ಗಲ್ಲ ಹಿಂಡಿ, "ಕಡೀಕೆ ಆಕೀನ ಫೋನ್ ಮಾಡಿದ್ಲು, ಯಾರ ಮುಂದೂ ಹೇಳಬ್ಯಾಡ" ಎಂದೆ. ಇಬ್ಬರೂ ಗೆದ್ದಿದ್ದಿರಿ. ಗೆಲ್ಲಿಸಿದವನು ನಾನು ಎಂದು ಎರಡು ವರ್ಷ ಎದೆ ಉಬ್ಬಿಸಿಕೊಂಡು ತಿರುಗಿದೆ. ತಪ್ಪು ಅಂತ ಅನ್ನಿಸಲೇ ಇಲ್ಲ — ಪ್ರತಿ ಅಮಾವಾಸ್ಯೆಗೆ ನೀನು ಬರುತ್ತಿದ್ದೆ, ಇಬ್ಬರೂ ಕೂತು ಊರಿನವರ ಮೇಲೆಲ್ಲ ಹರಟುತ್ತಿದ್ದಿರಿ. ಇದರಲ್ಲಿ ತಪ್ಪೆಲ್ಲಿ?

ಇಲ್ಲಿಯ ತನಕ ಹೇಳಿದ್ದು ನಿನ್ನನ್ನು ನಗಿಸಲೂಬಹುದು. ಇನ್ನು ಮುಂದಿನದಕ್ಕೆ ನೀನು ನಗುವುದಿಲ್ಲ.

ಹೋದ ವರ್ಷ ಆಯಿಯನ್ನು ಸತ್ತೂರಿನ ಆಸ್ಪತ್ರೆಯಲ್ಲಿ ಇಟ್ಟಿದ್ದೆವಲ್ಲ, ಕೊನೆಯ ವಾರ. ಮಧ್ಯಾಹ್ನದ ಹೊತ್ತು, ನಾನೊಬ್ಬನೇ ಇದ್ದೆ. ನೀನು ಸಂಜೆ ಬರುವವಳಿದ್ದೆ. ಆಯಿ ಕಣ್ಣು ತೆರೆದು ನನ್ನ ಕೈ ಹಿಡಿದು ಹೇಳಿದಳು:

"ಸುಶೀಗೆ ಒಂದ ಮಾತು ಹೇಳೂದೈತಿ. ಅವತ್ತಿನ ದಾಗಿನ ಸುದ್ದಿ..."

ದಾಗಿನ ಎಂದರೆ ನೀನು ಅವತ್ತು ಮಾಡಿ ತಂದಿದ್ದ ಒಡವೆ ಎಂದು ನನಗೆ ಗೊತ್ತಾಯಿತು. ಹೇಳಿದರೆ ನೀನು, "ಅದನ್ನ ಫೋನಿನ್ಯಾಗ ಹೇಳೀಯಲ್ಲ, ಅಕ್ಕಾ" ಎನ್ನುತ್ತೀ. ಆಯಿ, "ಯಾವ ಫೋನು?" ಎನ್ನುತ್ತಾಳೆ. ಇಬ್ಬರೂ ತಿರುಗಿ ನನ್ನನ್ನು ನೋಡುತ್ತೀರಿ. ಅಷ್ಟನ್ನೇ ಯೋಚಿಸಿದೆ — ಅವಳನ್ನಲ್ಲ, ನಿನ್ನನ್ನಲ್ಲ, ನನ್ನನ್ನು. ಹೇಳಿದೆ:

"ಆಕೀಗೆ ಎಲ್ಲಾ ಗೊತ್ತೈತಿ ಆಯಿ. ನೀ ಮಾತಾಡಿ ದಣಿಬ್ಯಾಡ."

ಅವಳು ನನ್ನ ಮುಖ ನೋಡಿದಳು. "ಗೊತ್ತೈತಿ?" ಎಂದಳು. ನಾನು ಹೂಂ ಎಂದೆ. ಅವಳು ಕಣ್ಣು ಮುಚ್ಚಿದಳು. ಸಂಜೆ ನೀನು ಬಂದಾಗ ಬರೀ ಕೈ ಹಿಡಿದುಕೊಂಡಿದ್ದಳು, ಆ ಮಾತು ಎತ್ತಲಿಲ್ಲ. ಮೂರು ದಿನಕ್ಕೆ ಹೋದಳು.

ಫೋನಿನಲ್ಲಿ ನಿನಗೆ ಇಲ್ಲದ್ದನ್ನು ಕೊಟ್ಟೆ. ಆಸ್ಪತ್ರೆಯಲ್ಲಿ ಇದ್ದದ್ದನ್ನು ಕಸಿದುಕೊಂಡೆ. ಮೊದಲನೆಯದಕ್ಕೆ ಚೇಷ್ಟೆ ಎಂಬ ಹೆಸರಾದರೂ ಇದೆ. ಎರಡನೆಯದಕ್ಕೆ ನಾನು ಹೆಸರು ಹುಡುಕುವುದಿಲ್ಲ. ಈ ಸಂಕ್ರಾಂತಿಗೆ ನೀನು ಬಂದವರ ಮುಂದೆಲ್ಲ "ನಮ್ಮಕ್ಕ ಸಾಯೂ ಮೊದಲ ನನಗ ತಪ್ಪಾತು ಅಂದ್ಲು" ಎಂದು ಹೇಳಿ ಕಣ್ಣು ಒರೆಸಿಕೊಂಡೆಯಲ್ಲ — ಆಗ ನಾನು ಅಲ್ಲೇ ಕುಸುರೆಳ್ಳಿನ ತಾಟು ಹಿಡಿದು ನಿಂತಿದ್ದೆ. ಹಂಚಲಾಗದೆ ಒಳಗೆ ಹೋದೆ.

ರವಿವಾರ ಕೇಶ್ವಾಪುರಕ್ಕೆ ಬಂದು ಇದನ್ನು ನಿನ್ನ ಕೈಗೆ ಕೊಡುತ್ತೇನೆ, ನೀನು ಓದುವ ತನಕ ಎದುರಿಗೇ ಕೂತಿರುತ್ತೇನೆ. ಬಾಗಿಲು ತೋರಿಸಿದರೆ ಹೋಗುತ್ತೇನೆ. ಓದಿ ನೀನು ಕೇಳಬಹುದು — ಮುಂದೆ ಏನನ್ನುವವಳಿದ್ದಳೋ, ನಿನಗೆ ಆಕಿ ದನಿ ಬರ್ತದಲ್ಲ, ಒಮ್ಮೆ ಅಂದು ತೋರ್ಸು ಅಂತ. ಕೇಳಬೇಡ, ಸಣ್ಣಾಯಿ. ತಪ್ಪಾತು ಎನ್ನುವವಳಿದ್ದಳೋ, ಮುಳ್ಳು ಸಣ್ಣವೇ ಇದ್ದವು ಎನ್ನುವವಳಿದ್ದಳೋ, ನನಗೆ ಗೊತ್ತಿಲ್ಲ. ನಿನ್ನ ಅಕ್ಕ ನಿಜವಾಗಿ ಆಡಿದ್ದು ಇಷ್ಟೇ: "ಸುಶೀಗೆ ಒಂದ ಮಾತು ಹೇಳೂದೈತಿ. ಅವತ್ತಿನ ದಾಗಿನ ಸುದ್ದಿ" — ಇದರ ಮುಂದೆ ನಾನು ಒಂದಕ್ಷರವನ್ನೂ ಸೇರಿಸುವುದಿಲ್ಲ.