ಕಾಫಿ ಕಣದಲ್ಲಿ ಚಿಕ್ಕಜ್ಜನ ಸಾವು

ಸುಮಾ, ರಘು, ನಿಮ್ಮ ಚಿಕ್ಕಜ್ಜ ನಮ್ಮ ಕಣದಲ್ಲಿ, ಒಣಹಾಕಿದ ಕಾಫಿಯ ಮೇಲೆ ಸತ್ತು ಬಿದ್ದಿದ್ದರು. ತಾವೇ ತೆಗೆಯುತ್ತಿದ್ದ ಮೂಕಿ ಚಿತ್ರಕ್ಕೆ ತಾವೇ ನಾಯಕ. ಉಳಿದಿದ್ದ ಫಿಲಂ ಆ ಸಾವಿಗೆ ಮಾತ್ರ ಸಾಕಾಗುವಷ್ಟು. ಅವರ ಗೆಳೆಯ ಕ್ಯಾಮೆರಾ ತಿರುಗಿಸುತ್ತಿದ್ದ, ಆಳುಗಳು ಸುತ್ತ ಕೂತು ಅಳುತ್ತಿದ್ದರು. ಅಷ್ಟರಲ್ಲಿ ಮಳೆಹನಿ ಬಿತ್ತು. ಅಳುತ್ತಿದ್ದವರೆಲ್ಲ ಕಾಫಿ ರಾಶಿ ಮಾಡಲು ಎದ್ದು ಓಡಿದರು.

ಯಾರೆದುರೂ ಬಾಯಿಬಿಡದ ನಿಮ್ಮ ಈ ಅಜ್ಜಿಯೇ ಹತ್ತಿರ ಹೋಗಿ, "ಸತ್ತಿದ್ದು ಸಾಕು, ಏಳಿ ಮಾರಾಯ್ರೆ. ನಿಮ್ಮ ಅಡಿಯ ಕಾಫಿ ನೆನೀತದೆ" ಎಂದೆ.

"ಅತ್ತಿಗೆ, ಒಂದು ಗಳಿಗೆ ನೆಮ್ಮದಿಯಾಗಿ ಸಾಯಕ್ಕೆ ಬಿಡಿ" ಎಂದು ಗೊಣಗಿದವರು, ಮಳೆ ಜೋರಾದಾಗ ತಾವೂ ಎದ್ದು ಕಾಫಿ ಬಾಚಿದರು. ಗೆಳೆಯ ಕ್ಯಾಮೆರಾ ನಿಲ್ಲಿಸಿರಲೇ ಇಲ್ಲ; ಸಾವಿಗೆಂದು ಇಟ್ಟಿದ್ದ ಫಿಲಂ ಇದಕ್ಕೇ ಮುಗಿದುಹೋಯಿತು.

ಮೂಡಿಗೆರೆಯ ಸಿನಿಮಾ ಟೆಂಟಿನಲ್ಲಿ ಸತ್ತ ನಾಯಕ ಎದ್ದು ಕಾಫಿ ಬಾಚುವುದನ್ನು ಜನ ಮತ್ತೆ ಹಾಕಿಸಿಕೊಂಡು ನಕ್ಕರು. ಆಮೇಲೆ ಚಿಕ್ಕಜ್ಜ ಜನರನ್ನು ಅಳಿಸುವ ಆಸೆ ಬಿಟ್ಟು ನಗಿಸುವ ಚಿತ್ರಗಳನ್ನೇ ತೆಗೆದರು. ಆ ಫಿಲಂ ಉಳಿದಿಲ್ಲ. ನಾನು ಬರೆದಿಟ್ಟ ಈ ಹಾಳೆಗಳನ್ನಾದರೂ ಜೋಪಾನವಾಗಿಡಿ ಮಕ್ಕಳೇ.