ಬೇಗ ಮಾಯುವ ಮೈ

ಅತ್ತೆಯ ಎಡಗೈ ಬೆರಳುಗಳ ತುಂಬ ಬಿಳಿಯ ಗೀರುಗಳಿದ್ದವು. ಹಿಪ್ಪುನೇರಳೆ ಕಡ್ಡಿ ಕೊಯ್ಯುವಾಗ ಕುಡುಗೋಲು ತಾಗಿದ ಗುರುತುಗಳು. ರಕ್ತ ಬಂದರೆ ಸೆರಗಿನಲ್ಲಿ ಒತ್ತಿ ಹಿಡಿದು, "ನಂದು ಬೇಗ ಮಾಯೋ ಮೈ ಕಣೇ" ಎಂದು ಮತ್ತೆ ಸೊಪ್ಪಿಗೆ ಬಗ್ಗುತ್ತಿದ್ದಳು. ಆ ಮೈಯೇ ಅವಳ ಎಡಗಣ್ಣನ್ನು ಕಳೆಯಿತು.

ಅವಳು ನನ್ನ ಅಪ್ಪನ ಅಕ್ಕ. ಅಮ್ಮ ತೀರಿಹೋದ ಮೇಲೆ ನನ್ನನ್ನು ಬೆಳೆಸಿದವಳು. ತಾಯಲೂರಿನ ಹತ್ತಿರ ಅವಳ ಮನೆ. ಹಜಾರದ ತುಂಬ ರೇಷ್ಮೆ ಹುಳುವಿನ ತಟ್ಟೆಗಳು. ನಮ್ಮೊಂದಿಗೆ ಕನ್ನಡ, ಹುಳುಗಳೊಂದಿಗೆ ತೆಲುಗು. "ತಿನಂಡಮ್ಮಾ, ತಿನಂಡಿ" ಎಂದು ಸೊಪ್ಪು ಹರಡುತ್ತಿದ್ದಳು.

ತೊಂಬತ್ತರ ದಶಕದ ಕೊನೆಯಲ್ಲಿ ಅವಳ ಎಡಗಣ್ಣು ಮಂಜಾಯಿತು. ಗ್ಲಾಕೋಮಾ, ಕಣ್ಣೊಳಗಿನ ನೀರಿನ ಒತ್ತಡ ಏರಿದೆ ಎಂದರು ಕೋಲಾರದ ಕಣ್ಣಿನ ಡಾಕ್ಟರು. ಆ ನೀರು ಹೊರಹೋಗಲು ಆಪರೇಷನ್ ಮಾಡಿ ಸಣ್ಣ ದಾರಿ ಬಿಡಿಸಿದರು. ಕೆಲವೇ ತಿಂಗಳಲ್ಲಿ ಗಾಯ ಮಾಯ್ದು ದಾರಿಯೇ ಮುಚ್ಚಿತು. ಆ ಕಣ್ಣು ಪೂರ್ತಿ ಹೋಯಿತು.

ಎರಡು ವರ್ಷ ಕಳೆಯುವಷ್ಟರಲ್ಲಿ ಬಲಗಣ್ಣಿನ ಸರದಿ. ಹನಿ ಔಷಧಿಗೆ ಒತ್ತಡ ಇಳಿಯಲಿಲ್ಲ. ಅದೇ ಡಾಕ್ಟರು ಹೇಳಿದರು: "ಈ ಸಲ ದಾರಿ ಮಾಯದಂಗೆ ಒಂದು ಮದ್ದಿಡ್ತೀನಿ. ಕ್ಯಾನ್ಸರಿಗೆ ಕೊಡೋ ಮದ್ದು. ಸ್ಪಂಜಿನ ಚೂರನ್ನ ಅದರಲ್ಲಿ ಅದ್ದಿ, ಕಣ್ಣಿನ ಮೇಲ್ಪೊರೆ ಕೆಳಗೆ ಒಂದೆರಡು ನಿಮಿಷ ಇಟ್ಟು ತೊಳೀತೀನಿ. ಅಷ್ಟರಲ್ಲಿ ಒಳಕ್ಕೆ ಇಂಗುತ್ತೆ."

"ಎಷ್ಟು ಒಳಕ್ಕೆ?" ಎಂದಳು ಅತ್ತೆ.

ಡಾಕ್ಟರು ಉತ್ತರಿಸಿದರು. "ಕಡಿಮೆ ಇಂಗಿದ್ರೆ ಮತ್ತೆ ಮುಚ್ಕೊಳ್ಳುತ್ತೆ. ಹೆಚ್ಚಾದ್ರೆ ಪೊರೆ ತೆಳುವಾಗಿ ಕಣ್ಣು ಸೋರಬಹುದು, ನೋಟಾನೂ ಹೋಗಬಹುದು. ನಿಮ್ಮ ಕಣ್ಣಲ್ಲಿ ಇಷ್ಟೇ ಇಂಗುತ್ತೆ ಅಂತ ಹೇಳೋಕೆ ನನ್ನ ಕೈಲಾಗಲ್ಲ, ತಾಯಿ."

ಹೊರಗೆ ಬೆಂಚಿನ ಮೇಲೆ ಕೂತಾಗ ನಾನು, "ಬೇಡ ಅತ್ತೆ, ಇರೋದೂ ಹೋದ್ರೆ?" ಎಂದೆ.

"ಕೈಲಾಗಲ್ಲ ಅಂತ ಬಾಯ್ಬಿಟ್ಟು ಹೇಳಿದ್ರಲ್ಲ, ಅವರ ಕೈಗೇ ಕೊಡ್ತೀನಿ" ಎಂದಳು.

ಆಪರೇಷನ್ ಆಗುವಾಗ ಅವಳಿಗೆ ಎಚ್ಚರವಿತ್ತು. ಆಮೇಲೆ ನನ್ನ ಕೈ ಹಿಡಿದು ಹೇಳಿದಳು: "ಸ್ಪಂಜು ತೆಗೆದ್ಮೇಲೆ ತೊಳೆದ್ರು, ತೊಳೆದ್ರು, ಕಿವಿಯೊಳಕ್ಕೆಲ್ಲ ನೀರಿಳೀತು. ಆವಾಗ ಭಯ ಆಯ್ತು ಕಣೇ."

ಪಟ್ಟಿ ಬಿಚ್ಚಿ, ಕಣ್ಣು ತಿಳಿಯಾದ ಮೇಲೂ ಮೊದಲು ಕಾಣುತ್ತಿದ್ದಷ್ಟೇ ಕಂಡಿತು. ಹೋದ ನೋಟ ಮರಳುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಮುಳಬಾಗಿಲಿನ ಬಸ್ಸಿನಲ್ಲಿ, "ಇಷ್ಟೇನಾ?" ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಆ ದಾರಿ ಮುಚ್ಚಲಿಲ್ಲ. ಉಳಿದಷ್ಟು ನೋಟದಲ್ಲೇ ಅವಳು ಕತ್ತು ವಾರೆ ಮಾಡಿ, ಗೂಡು ಕಟ್ಟಲು ಹಣ್ಣಾದ ಹುಳುಗಳನ್ನು ವರ್ಷಗಟ್ಟಲೆ ಆರಿಸಿದಳು.

ಇದು ರಕ್ತಸಂಬಂಧಿಗಳಿಗೂ ಬರಬಹುದೆಂದು ಡಾಕ್ಟರು ಹೇಳಿದ್ದನ್ನು ಅವಳು ಮರೆಯಲಿಲ್ಲ. "ನಂಗೇನೂ ಆಗಿಲ್ಲ" ಎಂದು ನಾನು ನುಣುಚಿಕೊಂಡರೂ ಬಿಡದೆ, ಒಂದು ದಿನ ಹುಳುಗಳನ್ನು ನೆರೆಯವರಿಗೆ ಒಪ್ಪಿಸಿ ನನ್ನನ್ನು ಕೋಲಾರಕ್ಕೆ ಎಳೆದೊಯ್ದಳು. ನನ್ನ ಎರಡೂ ಕಣ್ಣುಗಳಲ್ಲಿ ಒತ್ತಡ ಏರಿತ್ತು. ನೋಟ ಇನ್ನೂ ಕೆಟ್ಟಿರಲಿಲ್ಲ. ಅಂದಿನಿಂದ ಹನಿ ಔಷಧಿ ಹಾಕುತ್ತಿದ್ದೇನೆ. ಇಂದಿಗೂ ಎರಡೂ ಕಣ್ಣು ಚೆನ್ನಾಗಿ ಕಾಣುತ್ತವೆ.

ಅತ್ತೆ ಹೋದದ್ದು ಎದೆನೋವಿನಿಂದ, ಮುಳಬಾಗಿಲಿನ ಆಸ್ಪತ್ರೆಯಲ್ಲಿ. ಆ ಸಂಜೆ ನಾನು ಓಡಿಬಂದು ಬಾಗಿಲಲ್ಲಿ ನಿಂತಾಗ, ಯಾರೂ ಹೇಳದೆಯೇ ನನ್ನ ಗುರುತು ಹಿಡಿದಳು. ಮಾತು ಏದುಸಿರಿನಲ್ಲಿ ಬಂತು.

"ಔಷಧಿ ಹಾಕ್ಕೊಂಡ್ಯೇನೇ?"

ಹಾಕಿಕೊಂಡಿರಲಿಲ್ಲ. "ಹೂಂ ಅತ್ತೆ" ಎಂದೆ.