ಎಂಜಿನ್ನಿಗೆ ಇಟ್ಟ ಕುಂಕುಮ

ನನ್ನ ಮೊಮ್ಮಗಳು ತನುಜ ರೇಸ್ ಕಾರು ಓಡಿಸುತ್ತಿದ್ದಳು ಎಂಬುದನ್ನು ನಮ್ಮ ಕೆಂಚಾರ್ಲಹಳ್ಳಿಯಲ್ಲೇ ಅರ್ಧ ಜನ ಮರೆತಿದ್ದಾರೆ. ನನಗೆ ಆ ಪುಣ್ಯವಿಲ್ಲ.

ಅವಳಪ್ಪ, ನನ್ನ ಮಗ ಗಂಗರಾಜು, ಬೆಂಗಳೂರು ರಸ್ತೆಯ ಗೋ-ಕಾರ್ಟ್ ಮೈದಾನದಲ್ಲಿ ಮೆಕ್ಯಾನಿಕ್. ರಜೆಯಲ್ಲಿ ಮಗಳನ್ನೂ ಕರೆದೊಯ್ಯುತ್ತಿದ್ದ. ಗೋ-ಕಾರ್ಟ್ ಎಂದರೆ ಮಣೆಗೆ ನಾಲ್ಕು ಚಕ್ರ ಕಟ್ಟಿದಂಥ ಬಂಡಿ. ಕೂತರೆ ನೆಲ ತಗಲುತ್ತದೇನೋ ಎನ್ನುವಷ್ಟು ತಗ್ಗು. ಅದನ್ನು ಓಡಿಸಿ ಸಂಜೆ ಬಂದಾಗ ಅಂಗೈ ತುಂಬ ಬೊಬ್ಬೆ. ಮುದ್ದೆ ಮುರಿಯಲು ಆಗುತ್ತಿರಲಿಲ್ಲ, ನಾನೇ ತುತ್ತು ಇಡುತ್ತಿದ್ದೆ. ಆ ಕೈಯಲ್ಲೇ ಕಪ್ಪುಗಳನ್ನು ಗೆದ್ದು ತಂದಳು. ಆಮೇಲೆ ಒಂದು ತಂಡದವರು ಕರೆದು ಟೂರಿಂಗ್ ಕಾರ್ ರೇಸಿಗೆ ಸೇರಿಸಿಕೊಂಡರು. ರಸ್ತೆಯಲ್ಲಿ ಓಡುವಂಥ ಕಾರೇ ಅದು. ಒಳಗಿನ ಸೀಟು ಕಿತ್ತು, ಸುತ್ತ ಕಬ್ಬಿಣದ ಕೊಳವೆ ಕಟ್ಟಿರುತ್ತಾರೆ.

"ಟೂರಿಂಗ್ ಕಾರಾ? ಹಂಗಾರೆ ನಮ್ಮನ್ನ ತಿರುಪತಿಗೆ ಕರ್ಕೊಂಡೋಗಮ್ಮ" ಎಂದು ಹಂಗಿಸಿದವನು ನನ್ನ ಮೈದುನ ಕೊಂಡಪ್ಪ. ಅವಳು ಗೆಲ್ಲತೊಡಗಿದ ಮೇಲೆ ಚಿಂತಾಮಣಿಯಲ್ಲಿ ಬ್ಯಾನರು ಕಟ್ಟಿಸಿದವನೂ ಅವನೇ. ಬ್ಯಾನರಿನಲ್ಲಿ ಅವಳ ಮುಖಕ್ಕಿಂತ ಅವನ ಮುಖ ದೊಡ್ಡದಿತ್ತು.

ಆ ವರ್ಷ ಒಂದೇ ರೇಸ್ ಉಳಿದಿತ್ತು. ಗೆದ್ದರೆ ಚಾಂಪಿಯನ್. ಚಾಂಪಿಯನ್ ಆದವರಿಗೆ ಮುಂದಿನ ವರ್ಷದ ಕಾರು, ಖರ್ಚು ಎಲ್ಲ ಕಂಪನಿಯದು. ಸೋತರೆ ನಮ್ಮಂಥವರು ಮನೆಗೇ. ಅಷ್ಟರಲ್ಲಿ ಆಯುಧ ಪೂಜೆ ಬಂತು. ಊರಲ್ಲಿ ಕಾರಿನ ಮೆರವಣಿಗೆ ಆಗಲೇಬೇಕೆಂದು ಕೊಂಡಪ್ಪ ತಂಡದವರ ಬೆನ್ನು ಹತ್ತಿ ಅದನ್ನು ಲಾರಿಯಲ್ಲಿ ತರಿಸಿದ.

"ತಾತ, ಹೂವ ಹಾಕ್ಕೊಳಿ, ಕಾಯಿ ಒಡ್ಕೊಳಿ. ಬಾನೆಟ್ ಮಾತ್ರ ಎತ್ಬೇಡಿ. ಎಂಜಿನ್ನಿಗೆ ಸೀಲ್ ಹಾಕವ್ರೆ" ಎಂದು ಕೈಮುಗಿದು ಹೇಳಿ ಅವಳು ಚಿಂತಾಮಣಿಗೆ ಸನ್ಮಾನಕ್ಕೆ ಹೋದಳು. ಯಾರೂ ಎಂಜಿನ್ ಬಿಚ್ಚಿ ಮೋಸ ಮಾಡಬಾರದೆಂದು ರೇಸಿನವರು ಹಾಕುವ ಮುದ್ರೆ ಅದು. ಎಂಜಿನ್ನಿನ ಬೋಲ್ಟಿನ ತೂತಿಗೆ ಪೋಣಿಸಿದ ಒಂದು ತಂತಿ, ಅದಕ್ಕೊಂದು ಸೀಸದ ಗುಂಡು.

ನಾನು ಒಳಗೆ ಒಬ್ಬಟ್ಟು ತಟ್ಟುತ್ತಿದ್ದೆ. ಕೊಂಡಪ್ಪ ಬಾನೆಟ್ ಎತ್ತಿದ್ದಾನೆ. ಎಂಜಿನ್ನಿಗೆ ಕುಂಕುಮ ಬೀಳದಿದ್ದರೆ ಅದೆಂಥ ಆಯುಧ ಪೂಜೆ? ದಾರ ಕಟ್ಟಲು ಅಡ್ಡವಾಯಿತೆಂದು ಅಡಕೊತ್ತಿನಿಂದ ಆ ತಂತಿ ಕತ್ತರಿಸಿ ಎಸೆದು, ಅದೇ ತೂತಿಗೆ ಅರಿಶಿನದ ದಾರ ಕಟ್ಟಿದ್ದಾನೆ. ಯಾರಿಗೂ ಹೇಳಲಿಲ್ಲ. ತಂಡದ ಹುಡುಗರು ಆಮೇಲೆ ನೋಡಿದರಂತೆ, ದೇವರ ದಾರವೆಂದು ಮುಟ್ಟದೆ ಬಿಟ್ಟರಂತೆ. ಅದರಡಿ ಸೀಲ್ ಇದೆಯೋ ಇಲ್ಲವೋ ಎಂದು ಒಬ್ಬನೂ ನೋಡಲಿಲ್ಲ.

ಅವಳು ರೇಸ್ ಗೆದ್ದಳು. ಫೋನಿನಲ್ಲಿ "ಅಜ್ಜೀ" ಎಂದು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಗೆದ್ದ ಕಾರನ್ನು ಅಧಿಕಾರಿಗಳು ಬಿಚ್ಚಿ ನೋಡಿದಾಗ ಸೀಲ್ ಇಲ್ಲ, ಎಂಜಿನ್ ಮೇಲೆ ಕುಂಕುಮ. ಪೂಜೆಯಲ್ಲಿ ಕಿತ್ತದ್ದೆಂದರೆ ಅವರು ನಂಬಲಿಲ್ಲ. ಗೆಲುವು ಹೋಯಿತು, ಕಾರು ಹೋಯಿತು. ಪೇಪರಿನಲ್ಲಿ ಮೋಸಗಾತಿ ಎಂದು ಬಂತು.

ಕೊಂಡಪ್ಪ ಕಟ್ಟೆಯ ಮೇಲೆ ಕೂತು ಏನೆಂದ ಗೊತ್ತೆ? "ಮುಟ್ಟಾದಾಗೆಲ್ಲ ಆ ಕಾರಲ್ಲಿ ಕೂತ್ರೆ ಇನ್ನೇನಾಗುತ್ತೆ? ನಾನು ಮಾಡಿದ್ ಪೂಜೆಗೂ ಬೆಲೆ ಇಲ್ದಂಗಾಯ್ತು."

ಈಗ ತನುಜ ಚಿಂತಾಮಣಿಯ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾಳೆ. ಎಲ್ ಬೋರ್ಡಿನ ಕಾರು, ಎತ್ತಿನ ಗಾಡಿಯ ವೇಗ. ಹೋದ ಆಯುಧ ಪೂಜೆಯ ದಿನ ಅವಳು ಕೆಲಸಕ್ಕೆ ಹೊರಟಾಗ ಕೊಂಡಪ್ಪ ಹೊಸ ಟ್ರ್ಯಾಕ್ಟರು ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದ.

"ತನುಜಮ್ಮ, ನೀನೇ ಫಸ್ಟು ಒಂದು ರೌಂಡ್ ಓಡ್ಸವ್ವ. ನಿನ್ ಕೈಗುಣ ಒಳ್ಳೇದು" ಎಂದು ಕೀಲಿ ಕೊಟ್ಟ.

"ಎಂಜಿನ್ನಿಗೆ ಕುಂಕುಮ ಇಟ್ರಾ ತಾತ?"

"ಇಡ್ದೆ ಬಿಡ್ತೀನಾ? ಅದಿಲ್ದಿದ್ರೆ ಅದೇನ್ ಪೂಜೆ?"

ಅವಳು ಅವನ ಮುಖವನ್ನೇ ನೋಡಿದಳು. ಕೀಲಿಯನ್ನು ಟ್ರ್ಯಾಕ್ಟರಿನ ಸೀಟಿನ ಮೇಲಿಟ್ಟು ಬಸ್ಸಿಗೆ ನಡೆದಳು.

"ಕೊಬ್ಬು ನೋಡ್ದ್ಯಾ ಅತ್ತಿಗೆ?" ಎಂದು ಕೊಂಡಪ್ಪ ಜಗಲಿಯಲ್ಲಿ ಕೂತು ಟವಲು ಕೊಡವಿದ. "ಹೋಗ್ಲಿ, ಒಂದ್ ಲೋಟ ಕಾಫಿ ಕೊಡು."

ಒಲೆಯ ಮೇಲೆ ಡಿಕಾಕ್ಷನ್ ಬಿಸಿಯಾಗಿಯೇ ಇತ್ತು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.